ರಟ್ಟಿನ ಪೆಟ್ಟಿಗೆಯೋ, ಅಡುಗೆ ಆಟದ ಸೆಟ್ಟೋ? ಮಗುವಿನ ಕಲ್ಪನೆಯ ಆಟಕ್ಕೆ ಆಯ್ಕೆ ಮಾಡುವ ಬಗೆ

ಮಗುವಿನ ಕಲ್ಪನೆಯ ಆಟಕ್ಕೆಂದು ಏನನ್ನಾದರೂ ಕೊಳ್ಳುವ ಮೊದಲು ಅಥವಾ ಕೊಳ್ಳುವುದೇ ಬೇಡ ಎಂದು ತೀರ್ಮಾನಿಸುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ. ಇದನ್ನು ಕೈಗೆತ್ತಿಕೊಂಡ ಮಗು ತನ್ನ ಮೈಯಿಂದ ಏನು ಮಾಡಬಹುದು? ಏರಿ ಕೂರಬಹುದೇ, ಒಳಗೆ ನುಸುಳಬಹುದೇ, ಹೊದೆಯಬಹುದೇ, ಸುರಿಯಬಹುದೇ, ಯಾರಿಗಾದರೂ ಉಣಿಸಬಹುದೇ? ಉತ್ತರ 'ಗುಂಡಿ ಒತ್ತಬಹುದು' ಎಂಬಲ್ಲಿಗೇ ಮುಗಿದರೆ ಆ ವಸ್ತು ಎಷ್ಟೇ ಚೆಂದವಿರಲಿ, ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಈ ಅಳತೆಗೋಲು ನನ್ನ ಸ್ವಂತದ್ದಲ್ಲ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ 1933ರಲ್ಲಿ ಮಕ್ಕಳ ಆಟದ ಬಗ್ಗೆ ಕೊಟ್ಟ ಉಪನ್ಯಾಸವೊಂದರಲ್ಲಿ ಕೋಲನ್ನೇ ಕುದುರೆ ಮಾಡಿಕೊಳ್ಳುವ ಮಗುವಿನ ಉದಾಹರಣೆ ಬರುತ್ತದೆ. ಎಲ್ಲರಿಗೂ ನೆನಪಿರುವುದು ಅಷ್ಟು ಮಾತ್ರ. ಅದರ ಜೊತೆಗೇ ಅವರು ಇನ್ನೊಂದು ಮಾತು ಹೇಳಿದ್ದರು: ಯಾವ ಕೋಲಾದರೂ ಕುದುರೆಯಾಗಬಹುದು, ಆದರೆ ಅಂಚೆ ಕಾರ್ಡು ಮಗುವಿಗೆ ಕುದುರೆಯಾಗಲಾರದು. ಕಾರ್ಡನ್ನು ಕಾಲುಗಳ ನಡುವೆ ಇಟ್ಟುಕೊಂಡು ಓಡಲು ಬರುವುದಿಲ್ಲವಲ್ಲ! ವಸ್ತು ನೋಡಲು ಕುದುರೆಯಂತೆ ಇರಬೇಕಾಗಿಲ್ಲ, ಸವಾರಿಗೆ ಒದಗಬೇಕು. ಆಟಿಕೆ ಆರಿಸುವಾಗ ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತದ್ವಿರುದ್ಧ. ರೂಪಕ್ಕೆ ಮರುಳಾಗುತ್ತೇವೆ, ಬಳಕೆಯನ್ನು ಕೇಳುವುದೇ ಇಲ್ಲ.

ಮುಂದೆ ಹೋಗುವ ಮೊದಲು ಒಂದು ನಿರೀಕ್ಷೆಯನ್ನು ತಗ್ಗಿಸಿಬಿಡುತ್ತೇನೆ. ಇಂಥ ಆಟದಿಂದ ಮಗುವಿನ ಬುದ್ಧಿ ಚುರುಕಾಗುತ್ತದೆ ಎಂದು ಆಟಿಕೆಯ ಡಬ್ಬಿ ಹೇಳುವಷ್ಟು ಖಚಿತವಾಗಿ ವಿಜ್ಞಾನ ಹೇಳುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಏಂಜಲಿನ್ ಲಿಲ್ಲಾರ್ಡ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನು ಜರಡಿ ಹಿಡಿದು 2013ರಲ್ಲಿ ವಿಮರ್ಶೆಯೊಂದನ್ನು ಪ್ರಕಟಿಸಿದರು. ಸೃಜನಶೀಲತೆಗೂ ಬುದ್ಧಿಶಕ್ತಿಗೂ ನಟನೆಯ ಆಟವೇ ಕಾರಣ ಎನ್ನಲು ಗಟ್ಟಿ ಆಧಾರ ಅವರಿಗೆ ಸಿಗಲಿಲ್ಲ. ಭಾಷೆ, ಕಥೆ ಕಟ್ಟುವ ಶಕ್ತಿ, ಭಾವನೆಗಳ ಹತೋಟಿ ಇವುಗಳ ವಿಷಯದಲ್ಲಿ ಸಂಬಂಧ ಇರಬಹುದು ಎನ್ನುವಷ್ಟಕ್ಕೆ ಅವರು ನಿಂತರು. ನನಗೆ ಇದು ಬೇಸರದ ಸುದ್ದಿಯಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ತನ್ನ 31ನೆಯ ವಿಧಿಯಲ್ಲಿ ಆಟವನ್ನು ಮಗುವಿನ ಹಕ್ಕು ಎಂದು ಮಾನ್ಯ ಮಾಡಿದೆ; ಅದರಿಂದ ಅಂಕ ಹೆಚ್ಚಾಗಬೇಕು ಎಂಬ ಷರತ್ತನ್ನೇನೂ ಹಾಕಿಲ್ಲ. ಹಾಗಾಗಿ ಇಲ್ಲಿನ ಹೋಲಿಕೆಗೆ ಆಧಾರ ಒಂದೇ: ಯಾವುದರಿಂದ ಆಟ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ, ಮಗುವಿನದೇ ಆಗಿ ನಡೆಯುತ್ತದೆ?

ಮೊದಲು ವಯಸ್ಸು ನೋಡಿ

ಒಂದೂವರೆ ವರ್ಷದ ಆಸುಪಾಸಿನಲ್ಲಿ ಮಗು ಖಾಲಿ ಲೋಟವನ್ನು ಬಾಯಿಗಿಟ್ಟು ಕುಡಿದಂತೆ ಮಾಡುತ್ತದೆ. ಎರಡರ ಹೊತ್ತಿಗೆ ಅದೇ ಲೋಟವನ್ನು ಗೊಂಬೆಯ ಬಾಯಿಗೆ ಹಿಡಿಯುತ್ತದೆ. ಈ ಹಂತದಲ್ಲಿ ಆಟದ ವಸ್ತು ನಿಜವಾದದ್ದನ್ನು ಹೋಲುವುದು ಒಳ್ಳೆಯದು. ಮರದ ತುಂಡೊಂದನ್ನು ಕೊಟ್ಟು 'ಇದು ಬಾಚಣಿಗೆ' ಎಂದರೆ ಎರಡು ವರ್ಷದ ಮಗು ಪೆಚ್ಚಾಗಿ ಮುಖ ನೋಡಬಹುದು. ಆಟದ ಬಾಚಣಿಗೆ ಕೊಟ್ಟರೆ ತಕ್ಷಣ ಗೊಂಬೆಯ ತಲೆ ಬಾಚುತ್ತದೆ. 'ಮುಕ್ತ ಆಟಿಕೆಗಳೇ (ಇಂಥದ್ದೇ ಎಂದು ಗೊತ್ತುಮಾಡದೆ ಹೇಗೆ ಬೇಕಾದರೂ ಆಡಬಹುದಾದವು) ಶ್ರೇಷ್ಠ' ಎಂಬ ಉಪದೇಶವನ್ನು ಕೇಳಿ ಪುಟ್ಟ ಮಗುವಿನ ಮುಂದೆ ಬರೀ ಮರದ ತುಂಡುಗಳನ್ನು ಸುರಿದು, ಅದು ಆಡುವುದಿಲ್ಲ ಎಂದು ಚಿಂತೆಗೆ ಬೀಳುವವರು ಇದನ್ನು ಗಮನಿಸಬೇಕು.

ಮೂರೂವರೆ, ನಾಲ್ಕು ದಾಟಿದ ಮೇಲೆ ಲೆಕ್ಕ ತಿರುಗುತ್ತದೆ. ಆಗ ಮಗುವಿಗೆ ಹೋಲಿಕೆಯ ಆಸರೆ ಅಷ್ಟಾಗಿ ಬೇಡ. ಬರಿಗೈಯಲ್ಲೇ ಬಾಗಿಲು ತೆಗೆಯುತ್ತದೆ, ಇಲ್ಲದ ಫೋನಿನಲ್ಲಿ ಮಾತಾಡುತ್ತದೆ. ತೀರಾ ನಿಜದಂತಿರುವ ಆಟಿಕೆ ಈ ವಯಸ್ಸಿನಲ್ಲಿ ಕೆಲವೊಮ್ಮೆ ಅಡ್ಡಿಯೇ ಆಗುತ್ತದೆ. ಪ್ಲಾಸ್ಟಿಕ್ಕಿನ ಅಗ್ನಿಶಾಮಕ ವಾಹನ ಕೊನೆಯವರೆಗೂ ಅಗ್ನಿಶಾಮಕ ವಾಹನವೇ. ಸಾಲಾಗಿ ಜೋಡಿಸಿದ ನಾಲ್ಕು ಕುರ್ಚಿಗಳು ಬೆಳಗ್ಗೆ ಬಸ್, ಮಧ್ಯಾಹ್ನ ಹಡಗು, ಸಂಜೆ ಆಸ್ಪತ್ರೆಯ ವಾರ್ಡು.

ಸಿದ್ಧ ಸೆಟ್ಟುಗಳು: ಯಾವುದಕ್ಕೆ ದುಡ್ಡು ಹಾಕಬಹುದು

ಅಡುಗೆ ಆಟದ ಸೆಟ್ಟನ್ನು ನಾನು ತಳ್ಳಿಹಾಕುವುದಿಲ್ಲ. ಎರಡರಿಂದ ನಾಲ್ಕರವರೆಗೆ ಅದು ಒಳ್ಳೆಯ ಆಯ್ಕೆ. ಆದರೆ ದೊಡ್ಡ ಒಲೆ, ಸಿಂಕು, ಕಪಾಟುಗಳಿರುವ ಪೀಠೋಪಕರಣದ ಗಾತ್ರದ್ದು ಬೇಡ. ಕೆಲವು ಪಾತ್ರೆ, ಸೌಟು, ತಟ್ಟೆ, ಮುಚ್ಚಳ ಸಾಕು. ಒಲೆಯ ಕೆಲಸವನ್ನು ತಲೆಕೆಳಗಾದ ಡಬ್ಬವೊಂದು ಮಾಡುತ್ತದೆ. ಅಡುಗೆಮನೆಯಲ್ಲಿ ಬಳಕೆ ತಪ್ಪಿದ ಹಗುರವಾದ ನಿಜ ಪಾತ್ರೆಗಳನ್ನು ಕೊಟ್ಟರೆ ಇನ್ನೂ ಮೇಲು. ಅವಕ್ಕೆ ತೂಕವಿದೆ, ಸದ್ದಿದೆ, ಮುಚ್ಚಳ ಸರಿಯಾಗಿ ಕೂರುತ್ತದೆ.

ಇಲ್ಲೊಂದು ಕುತೂಹಲದ ಸಂಗತಿ ಇದೆ. ಲಿಲ್ಲಾರ್ಡ್ ಅವರೂ ಸೇರಿದ್ದ ತಂಡವೊಂದು 3ರಿಂದ 6 ವರ್ಷದ ಮಕ್ಕಳನ್ನು ಕೇಳಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಡುಗೆಯಂಥ ಹಲವು ಕೆಲಸಗಳಲ್ಲಿ ಮಕ್ಕಳು ನಟಿಸುವುದಕ್ಕಿಂತ ನಿಜವಾದ ಕೆಲಸವನ್ನೇ ಹೆಚ್ಚು ಇಷ್ಟಪಟ್ಟರು. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದಲ್ಲಿ ತೆರೆದ 'ಮಕ್ಕಳ ಮನೆ' ಎಂಬ ಶಾಲೆಯಲ್ಲೂ ಆಟಿಕೆಗಳು ಮೂಲೆ ಸೇರಿ ನಿಜದ ಕೆಲಸಗಳೇ ಗೆದ್ದವು. ಹಾಗಾದರೆ ನಟನೆಯ ಆಟವೇ ಬೇಡವೇ? ನನಗೆ ಹಾಗೆ ತೋರುವುದಿಲ್ಲ. ಸೊಪ್ಪು ಬಿಡಿಸಲು ಕೈಜೋಡಿಸುತ್ತೇನೆ ಎಂದು ಬಂದ ಮಗುವನ್ನು 'ಹೋಗು, ನಿನ್ನ ಅಡುಗೆ ಸೆಟ್ಟಿನಲ್ಲಿ ಆಡು' ಎಂದು ಅಟ್ಟಬಾರದು, ಅಷ್ಟೇ. ಮಗುವಿಗೆ ನಿಜದ ಕೆಲಸವೂ ಬೇಕು, ನಿಜದಲ್ಲಿ ಸಾಧ್ಯವೇ ಇಲ್ಲದ್ದಕ್ಕೆ ಆಟವೂ ಬೇಕು. ವಿಮಾನ ಹಾರಿಸುವುದು, ಹುಲಿಗೆ ಇಂಜೆಕ್ಷನ್ ಕೊಡುವುದು, ಅಮ್ಮನನ್ನೇ ಮಗು ಮಾಡಿ ಮಲಗಿಸುವುದು ಇವೆಲ್ಲ ಆಟದಲ್ಲೇ ಆಗಬೇಕು.

ಇಂಜೆಕ್ಷನ್ ಎಂದಾಗ ನೆನಪಾಯಿತು. ಸಿದ್ಧ ಸೆಟ್ಟುಗಳಲ್ಲಿ ಒಂದನ್ನು ಮಾತ್ರ ಕೊಳ್ಳಬೇಕೆಂದರೆ ನಾನು ಡಾಕ್ಟರ್ ಸೆಟ್ಟನ್ನೇ ಆರಿಸುತ್ತೇನೆ. ಚುಚ್ಚುಮದ್ದಿನ ಭಯ ಮಗುವಿಗೆ ನಿಜವಾದದ್ದು. ಆಸ್ಪತ್ರೆಯಲ್ಲಿ ಅದರ ಕೈಯಲ್ಲಿ ಏನೂ ಇರುವುದಿಲ್ಲ, ಎಲ್ಲವೂ ಅದಕ್ಕೆ ಆಗುತ್ತದೆ. ಮನೆಗೆ ಬಂದ ಮೇಲೆ ಸಿರಿಂಜು ತನ್ನ ಕೈಗೆ ಬರುತ್ತದೆ. ಈಗ ಚುಚ್ಚಿಸಿಕೊಳ್ಳುವ ಸರದಿ ಅಪ್ಪನದು. ಒಂದೇ ದೃಶ್ಯವನ್ನು ದಿನಕ್ಕೆ ಎಂಟು ಸಲ ಆಡಿದರೂ ತಡೆಯಬೇಡಿ. ಮಗು ಅಲ್ಲಿ ಏನನ್ನೋ ಅರಗಿಸಿಕೊಳ್ಳುತ್ತಿರುತ್ತದೆ. ಆಸ್ಪತ್ರೆಗಳು ಕೂಡ ಶಸ್ತ್ರಚಿಕಿತ್ಸೆಗೆ ಮುನ್ನ ಮಕ್ಕಳ ಆತಂಕ ತಗ್ಗಿಸಲು ಗೊಂಬೆಗಳನ್ನು ಬಳಸುವುದುಂಟು.

ಕಾರ್ಟೂನ್ ಪಾತ್ರಗಳ ಗೊಂಬೆಗಳು ಕಥೆಯನ್ನೂ ಜೊತೆಗೇ ಹೊತ್ತು ತರುತ್ತವೆ. ಯಾರು ಒಳ್ಳೆಯವನು, ಯಾರು ಗೆಲ್ಲುತ್ತಾನೆ ಎಲ್ಲವೂ ಮೊದಲೇ ಗೊತ್ತು. ಮಕ್ಕಳು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ ನಿಜ. ಲೋಕ ರಕ್ಷಿಸಬೇಕಾದ ವೀರನನ್ನು ಹಾಸಿಗೆಯಲ್ಲಿ ಮಲಗಿಸಿ ಜೋಗುಳ ಹಾಡಿಬಿಡುತ್ತಾರೆ. ಆದರೂ ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಹೆಸರಿಲ್ಲದ ಮನುಷ್ಯರು, ಸಾಮಾನ್ಯ ಪ್ರಾಣಿಗಳು ಇರಲಿ. ಮುಖಭಾವ ತೀರಾ ಢಾಳಾಗಿಲ್ಲದ ಗೊಂಬೆ ಅಳಲೂ ಬಲ್ಲದು, ನಗಲೂ ಬಲ್ಲದು. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಆರಂಭವಾದ ವಾಲ್ಡಾರ್ಫ್ ಶಾಲಾ ಪರಂಪರೆಯ ಬಟ್ಟೆಗೊಂಬೆಗಳಿಗೆ ಕಣ್ಣು, ಬಾಯಿ ಹೆಸರಿಗಷ್ಟೇ ಇರುವುದು ಈ ಕಾರಣಕ್ಕೆ. ಅಷ್ಟು ದೂರ ಹೋಗಬೇಕಿಲ್ಲ, ಹಲ್ಲು ಕಿರಿದು ನಗುವ ಗೊಂಬೆಯನ್ನು ಬಿಟ್ಟರೆ ಸಾಕು.

ಬಿಡಿ ಸಾಮಾನುಗಳು

ನನ್ನ ಒಲವು ಇತ್ತ ಕಡೆಗೆ ಎಂದು ಮುಚ್ಚಿಡುವುದಿಲ್ಲ. ರಟ್ಟಿನ ಪೆಟ್ಟಿಗೆ, ಹಳೆಯ ಬೆಡ್‌ಶೀಟು, ಹಗ್ಗದ ಬದಲು ಬಟ್ಟೆಯ ಪಟ್ಟಿ, ಬಟ್ಟೆಗೆ ಹಾಕುವ ಕ್ಲಿಪ್ಪುಗಳು, ದಪ್ಪ ಕೊಳವೆ, ದಿಂಬು, ಬುಟ್ಟಿ. ಅಮೆರಿಕದ ರೋಚೆಸ್ಟರ್‌ನಲ್ಲಿರುವ ಆಟದ ವಸ್ತುಸಂಗ್ರಹಾಲಯವೊಂದು ಪ್ರಸಿದ್ಧ ಆಟಿಕೆಗಳಿಗೆ ಗೌರವದ ಪಟ್ಟಿಯೊಂದನ್ನು ಇಟ್ಟಿದೆ. ಅದರಲ್ಲಿ 2005ರಲ್ಲಿ ರಟ್ಟಿನ ಪೆಟ್ಟಿಗೆ, 2008ರಲ್ಲಿ ಕೋಲು, 2011ರಲ್ಲಿ ಕಂಬಳಿ ಸೇರಿಕೊಂಡವು. ಮೂರಕ್ಕೂ ತಯಾರಕರ ಜಾಹೀರಾತು ಬೇಕಾಗಲಿಲ್ಲ.

ಈ ವಿಚಾರಕ್ಕೆ ಹಿನ್ನೆಲೆಯೂ ಇದೆ. ಡೆನ್ಮಾರ್ಕಿನ ಭೂದೃಶ್ಯ ವಿನ್ಯಾಸಕ ಕಾರ್ಲ್ ಥಿಯೊಡೋರ್ ಸೋರೆನ್‌ಸೆನ್ ತಾವು ಅಚ್ಚುಕಟ್ಟಾಗಿ ರೂಪಿಸಿದ ಆಟದ ಮೈದಾನಗಳಿಗಿಂತ ಕಟ್ಟಡ ನಿರ್ಮಾಣದ ಜಾಗಗಳು, ಗುಜರಿ ರಾಶಿಗಳೇ ಮಕ್ಕಳನ್ನು ಸೆಳೆಯುವುದನ್ನು ಗಮನಿಸಿದರು. ಅದರಿಂದ ಹುಟ್ಟಿದ್ದು 1943ರಲ್ಲಿ ಕೋಪನ್‌ಹೇಗನ್‌ನ ಎಮ್‌ಡ್ರುಪ್‌ನಲ್ಲಿ ತೆರೆದ, ಹಲಗೆ, ಇಟ್ಟಿಗೆ, ಟೈರುಗಳೇ ತುಂಬಿದ್ದ ಆಟದ ಮೈದಾನ. 1971ರಲ್ಲಿ ಬ್ರಿಟಿಷ್ ಕಲಾವಿದ ಸೈಮನ್ ನಿಕಲ್ಸನ್ ಇದಕ್ಕೊಂದು ಸಿದ್ಧಾಂತದ ರೂಪ ಕೊಟ್ಟರು. ಪರಿಸರವೊಂದರಲ್ಲಿ ಎತ್ತಿಡಬಹುದಾದ, ಬದಲಿಸಬಹುದಾದ ಬಿಡಿ ಭಾಗಗಳು ಎಷ್ಟು ಹೆಚ್ಚೋ ಅಲ್ಲಿ ಹೊಸತನ್ನು ಕಟ್ಟುವ ಸಾಧ್ಯತೆಯೂ ಅಷ್ಟು ಹೆಚ್ಚು ಎಂಬುದು ಅವರ ವಾದ.

ಇನ್ನು ಇದರ ತೊಂದರೆಗಳು. ಬಿಡಿ ಸಾಮಾನು ಪುಕ್ಕಟೆ ಎನ್ನುವವರು ಮನೆ ಗುಡಿಸುವವರನ್ನು ಕೇಳಿ ನೋಡಲಿ. ಅದರ ಬೆಲೆಯನ್ನು ನಾವು ಜಾಗದಲ್ಲಿ, ತಾಳ್ಮೆಯಲ್ಲಿ ತೆರುತ್ತೇವೆ. ಬೆಡ್‌ಶೀಟಿನ ಗುಡಾರವನ್ನು ರಾತ್ರಿ ಬಿಚ್ಚಿಡಿಸಿದರೆ ಮರುದಿನ ಆಟ ಮತ್ತೆ ಮೊದಲಿನಿಂದ. ಒಂದೆರಡು ದಿನ ಹಾಗೆಯೇ ಬಿಡಲು ನಿಮಗೆ ಮನಸ್ಸಿಲ್ಲದಿದ್ದರೆ ಈ ಆಯ್ಕೆ ಅರ್ಧ ಫಲವನ್ನೂ ಕೊಡುವುದಿಲ್ಲ. ಎರಡನೆಯದಾಗಿ, ಕೆಲವು ಮಕ್ಕಳು ಇಂಥ ರಾಶಿಯ ಮುಂದೆ ಏನು ಮಾಡಬೇಕೆಂದು ತೋಚದೆ ಕೂರುತ್ತಾರೆ. ಅಂಥ ಮಗುವಿಗೆ ಪೆಟ್ಟಿಗೆಯ ಜೊತೆ ಒಂದು ಗೊಂಬೆ ನಾಯಿಮರಿಯನ್ನು ಕೊಟ್ಟು ನೋಡಿ. ನಾಯಿಗೆ ಮನೆ ಬೇಕಾಗುತ್ತದೆ, ಕಥೆ ಶುರುವಾಗುತ್ತದೆ. ಹಾಗಾಗಿ ನನ್ನ ಸಲಹೆ ಬಿಡಿ ಸಾಮಾನು ಮಾತ್ರ ಎಂದಲ್ಲ: ರಾಶಿ ಬಿಡಿ ಸಾಮಾನು, ಜೊತೆಗೆ ಎರಡು ಮೂರು ಪಾತ್ರಗಳು.

ಮರದ ಬ್ಲಾಕು, ಕೂಡಿಸುವ ಇಟ್ಟಿಗೆ

ಫ್ರೆಡ್ರಿಕ್ ಫ್ರೊಬೆಲ್ 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕನ್‌ಬುರ್ಗ್‌ನಲ್ಲಿ ಮೊದಲ ಶಿಶುವಿಹಾರ ತೆರೆದಾಗಿನಿಂದ ಮರದ ಬ್ಲಾಕುಗಳು ಮಕ್ಕಳ ಶಿಕ್ಷಣದಲ್ಲಿವೆ. ಆದರೆ ಫ್ರೊಬೆಲ್ ಅವನ್ನು ಕ್ರಮಬದ್ಧವಾಗಿ ಬಳಸಲು ಕಲಿಸಿದರು. ಬ್ಲಾಕುಗಳನ್ನು ನಿಜವಾಗಿ ಮಕ್ಕಳ ಕೈಗೆ ಬಿಟ್ಟವರು 20ನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಶಿಕ್ಷಕಿ ಕ್ಯಾರೊಲಿನ್ ಪ್ರಾಟ್. ಅವರ ಬ್ಲಾಕಿನ ದಪ್ಪ, ಅಗಲ, ಉದ್ದ 1:2:4ರ ಅನುಪಾತದಲ್ಲಿವೆ. ಎರಡು ಸಣ್ಣವು ಸೇರಿದರೆ ಒಂದು ದೊಡ್ಡದಕ್ಕೆ ಸರಿಸಮ. ಬಣ್ಣವಿಲ್ಲ, ಅಂಟುವುದಿಲ್ಲ.

ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗಳಿಗೆ (ಲೆಗೊ ಕಂಪನಿ ತನ್ನ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ) ಬೇರೆಯದೇ ಗುಣವಿದೆ. ಕಟ್ಟಿದ್ದು ಬೀಳುವುದಿಲ್ಲ, ಎತ್ತಿಕೊಂಡು ಓಡಾಡಬಹುದು. ಎರಡರಲ್ಲಿ ಒಂದು ಆರಿಸಬೇಕೆಂದರೆ ಐದು ವರ್ಷದೊಳಗೆ ಮರದ್ದು, ಆಮೇಲೆ ಪ್ಲಾಸ್ಟಿಕ್ಕಿನದು. ಮರದ ಬ್ಲಾಕುಗಳಲ್ಲಿ ಊರು ಎರಡೇ ನಿಮಿಷದಲ್ಲಿ ಎದ್ದು ನಿಲ್ಲುವುದರಿಂದ ಕಥೆ ಬೇಗ ಶುರುವಾಗುತ್ತದೆ. ಬಿದ್ದರೆ ಭೂಕಂಪ, ಅದೂ ಕಥೆಯೇ. ಪ್ಲಾಸ್ಟಿಕ್ ಇಟ್ಟಿಗೆ ಕೊಳ್ಳುವುದಾದರೆ ಒಂದೇ ಮಾದರಿಗೆಂದು ಮಾಡಿದ, ಚಿತ್ರ ನೋಡಿ ಹಂತಹಂತವಾಗಿ ಕಟ್ಟುವ ಕಿಟ್ಟಿಗಿಂತ ಬಿಡಿ ಇಟ್ಟಿಗೆಗಳ ಡಬ್ಬಿ ಒಳ್ಳೆಯದು. ಕಿಟ್ಟು ಕಟ್ಟುವುದರಲ್ಲಿ ಏಕಾಗ್ರತೆ ಇದೆ, ಸಂತೋಷವಿದೆ, ಒಪ್ಪುತ್ತೇನೆ. ಆದರೆ ಕಟ್ಟಿ ಮುಗಿದದ್ದು ಷೋಕೇಸು ಸೇರುತ್ತದೆ, 'ಮುಟ್ಟಬೇಡ' ಎಂಬ ಮಾತು ಹುಟ್ಟುತ್ತದೆ.

ಎಷ್ಟು ಆಟಿಕೆ ಹೊರಗಿರಬೇಕು

ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 36 ಪುಟಾಣಿಗಳಿಗೆ ಒಮ್ಮೆ 4, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು ಕಳೆದರು, ಹೆಚ್ಚು ಬಗೆಗಳಲ್ಲಿ ಆಡಿದರು. ಸಣ್ಣ ಅಧ್ಯಯನ, ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳದು. ಎಲ್ಲ ವಯಸ್ಸಿಗೂ ಎಳೆಯಬಾರದು. ಆದರೆ ಪ್ರಯೋಗಿಸಿ ನೋಡಲು ಖರ್ಚಿಲ್ಲ. ಅರ್ಧಕ್ಕಿಂತ ಹೆಚ್ಚನ್ನು ಅಟ್ಟಕ್ಕೆ ಹಾಕಿ, ಕೆಲವು ವಾರಗಳ ಮೇಲೆ ಅದಲುಬದಲು ಮಾಡಿ. ಒಂದು ಎಚ್ಚರಿಕೆ: ನಿನ್ನೆಯಿಂದ ನಡೆಯುತ್ತಿರುವ ಆಟದ ನಡುವೆ ಕೈಹಾಕಿ ಪಾತ್ರವೊಂದನ್ನು ಎತ್ತಿಡಬೇಡಿ.

ಸದ್ದು ಮಾಡುವ ಆಟಿಕೆ, ಪರದೆ, ಕಿವಿಯ ಕಥೆ

ಬ್ಯಾಟರಿ ಹಾಕಿ ಮಾತಾಡಿಸುವ ಆಟಿಕೆಯ ಬಗ್ಗೆ ನನ್ನ ತೀರ್ಪು ಕಟುವಾದದ್ದು. ಅದು ಮಾತಾಡುತ್ತದೆ, ಮಗು ಸುಮ್ಮನಾಗುತ್ತದೆ; ದೊಡ್ಡವರೂ ಸುಮ್ಮನಾಗುತ್ತಾರೆ. 10ರಿಂದ 16 ತಿಂಗಳ ಮಕ್ಕಳಿದ್ದ 26 ಕುಟುಂಬಗಳನ್ನು ನೋಡಿದ ಅಮೆರಿಕದ ಅಧ್ಯಯನವೊಂದು 2015ರ ಕೊನೆಯಲ್ಲಿ ಹೊರಬಂತು. ಎಲೆಕ್ಟ್ರಾನಿಕ್ ಆಟಿಕೆ ಇದ್ದಾಗ ಪೋಷಕರ ಮಾತು, ಪುಸ್ತಕ ಅಥವಾ ಸಾದಾ ಆಟಿಕೆ ಇದ್ದಾಗಿಗಿಂತ ಕಡಿಮೆಯಾಗಿತ್ತು. ಬ್ಯಾಟರಿ ತೆಗೆದ ಮೇಲೆ ಅದೇ ಆಟಿಕೆಗೆ ಮಗುವೇ ದನಿ ಕೊಡುತ್ತದೆ ಎಂಬುದು ಇಂಥ ಉಡುಗೊರೆ ಬಂದವರಿಗೆ ಸಮಾಧಾನ.

ಪರದೆಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಎರಡು ವರ್ಷ ತುಂಬುವವರೆಗೆ ಪರದೆಯ ಮುಂದೆ ಕೂರಿಸುವುದು ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಮೇಲು. ಅಡುಗೆ ಮಾಡಿಸುವ, ಗೊಂಬೆಗೆ ಬಟ್ಟೆ ತೊಡಿಸುವ ಆ್ಯಪ್‌ಗಳು ಕಲ್ಪನೆಯ ಆಟದ ವೇಷ ಹಾಕಿರುತ್ತವೆ. ಅಲ್ಲಿ ಮಾಡಬಹುದಾದದ್ದನ್ನೆಲ್ಲ ಯಾರೋ ಮೊದಲೇ ಬರೆದಿಟ್ಟಿದ್ದಾರೆ; ಬರೆಯದಿದ್ದುದು ನಡೆಯುವುದಿಲ್ಲ. ಧ್ವನಿ ಕಥೆಗಳು ಬೇರೆ. ಚಿತ್ರವನ್ನು ಮಗುವೇ ಕಟ್ಟಿಕೊಳ್ಳಬೇಕಾದ್ದರಿಂದ, ದೊಡ್ಡವರಿಗೆ ಬಿಡುವು ಬೇಕಾದ ಹೊತ್ತಿಗೆ ಪರದೆಗಿಂತ ಅವು ಎಷ್ಟೋ ಮೇಲು. ಕೇಳುತ್ತಲೇ ಬ್ಲಾಕು ಜೋಡಿಸಬಹುದು.

ವೇಷದ ಬಟ್ಟೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಪಾತ್ರದ ಪೂರ್ತಿ ವೇಷಕ್ಕಿಂತ ಟೋಪಿ, ಚೀಲ, ಶಾಲು, ದೊಡ್ಡವರ ಹಳೆಯ ಅಂಗಿ ಹೆಚ್ಚು ಕಾಲ ಬಾಳುತ್ತವೆ. ಕುತ್ತಿಗೆಗೆ ದಾರ ಕಟ್ಟುವಂಥದ್ದು ಮಾತ್ರ ಬೇಡ.

ನೀವು ಆಟದೊಳಗೋ, ಹೊರಗೋ

ಆಟಿಕೆಗಿಂತ ಕಷ್ಟದ ಆಯ್ಕೆ ಇದು. 2011ರಲ್ಲಿ ಎಲಿಜಬೆತ್ ಬೊನವಿಟ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳಿಗೆ ಹಲವು ಗುಟ್ಟುಗಳಿದ್ದ ಹೊಸ ಆಟಿಕೆಯೊಂದನ್ನು ಕೊಡಲಾಗಿತ್ತು. ಅದರ ಒಂದು ಉಪಯೋಗವನ್ನು ಪಾಠ ಹೇಳುವಂತೆ ತೋರಿಸಿಕೊಟ್ಟಾಗ ಮಕ್ಕಳು ಅದನ್ನೇ ಮಾಡುತ್ತಾ ಉಳಿದರು. ಹಾಗೆ ಕಲಿಸದೆ ಬಿಟ್ಟವರು ಉಳಿದ ಗುಟ್ಟುಗಳನ್ನೂ ಹುಡುಕಿದರು. 'ಹೀಗೆ ಆಡಬೇಕು' ಎಂದು ತೋರಿಸುವ ನಮ್ಮ ಉತ್ಸಾಹಕ್ಕೆ ಇಂಥ ಬೆಲೆಯಿದೆ.

ಹಾಗೆಂದು ಪೂರ್ತಿ ದೂರ ನಿಲ್ಲುವುದೂ ಸರಿಯಲ್ಲ. ಎರಡು ವರ್ಷದ ಮಗುವಿಗೆ ಜೊತೆಗಾರರು ಬೇಕು. ನೀವು ಖಾಲಿ ಲೋಟದಿಂದ ಕುಡಿದು 'ಅಬ್ಬಾ, ಬಿಸಿ!' ಎಂದರೆ ಅದರ ಆಟ ಒಂದು ಮೆಟ್ಟಿಲು ಮೇಲೇರುತ್ತದೆ. ನಾಲ್ಕರ ಮಗುವಿಗೆ ಆಜ್ಞೆ ಪಾಲಿಸುವ ನಟರು ಬೇಕು. 'ಅಪ್ಪಾ, ನಿನಗೆ ಜ್ವರ, ನೀನು ಅಳಬೇಕು' ಎಂದಾಗ 'ಎಷ್ಟು ಜೋರಾಗಿ ಅಳಲಿ, ಡಾಕ್ಟರೇ?' ಎಂದು ಕೇಳುವವನು ಒಳ್ಳೆಯ ಜೊತೆಗಾರ. 'ನಿನ್ನ ಪೆಟ್ಟಿಗೆಯಲ್ಲಿ ಎಷ್ಟು ಮಾತ್ರೆಗಳಿವೆ, ಎಣಿಸು ನೋಡೋಣ' ಎನ್ನುವವನು ಆಟ ನಿಲ್ಲಿಸಿ ಪಾಠ ಶುರುಮಾಡಿದವನು. ಆರು ದಾಟಿದವರಿಗೆ ಬಹುತೇಕ ಬೇಕಾದದ್ದು ಸಮಯ, ಮುಚ್ಚಿದ ಬಾಗಿಲು ಮತ್ತು ಕದ್ದು ಕೇಳಿಸಿಕೊಂಡದ್ದನ್ನು ಊಟದ ಹೊತ್ತಿನಲ್ಲಿ ನೆಂಟರ ಮುಂದೆ ಹೇಳದ ದೊಡ್ಡವರು.

ದಿನಕ್ಕೆ ಅರ್ಧ ಗಂಟೆ ಮಾತ್ರ ಬಿಡುವಿರುವವರು ಅಷ್ಟೂ ಹೊತ್ತು ಆಡಿಸಬೇಕಿಲ್ಲ. ಮೊದಲ ಹತ್ತು ನಿಮಿಷ ಮೊಬೈಲ್ ಬದಿಗಿಟ್ಟು ಆಟದೊಳಗೆ ಇರಿ, ಆಮೇಲೆ ಪಾತ್ರಕ್ಕೊಂದು ನೆಪ ಹೇಳಿ ('ರೋಗಿಗೆ ಈಗ ನಿದ್ದೆ ಬಂತು') ಮೆಲ್ಲಗೆ ಹೊರಬನ್ನಿ.

ಆಟದಲ್ಲಿ ಸಾವು, ಜಗಳ, ಕಳ್ಳ ಬಂದರೆ ಗಾಬರಿ ಬೇಡ. ಕಾಣದ ಗೆಳೆಯನೊಬ್ಬ ಬಂದರೂ ಅಷ್ಟೇ. ಮಾರ್ಜರಿ ಟೇಲರ್ ತಂಡದ 2004ರ ಅಧ್ಯಯನದಲ್ಲಿ ಏಳು ವರ್ಷದ ಹೊತ್ತಿಗೆ ಶೇ. 65ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಹಂತದಲ್ಲಿ ಅಂಥ ಗೆಳೆಯ ಇದ್ದುದು ಕಂಡುಬಂತು. ಜೀವವಿದೆಯೆಂದು ಭಾವಿಸಿ ಮಾತಾಡಿಸುವ ಗೊಂಬೆಗಳೂ ಆ ಲೆಕ್ಕದಲ್ಲಿ ಸೇರಿದ್ದವು. ಇದಕ್ಕೆ ತಿರುವಾಗಿ, ಎರಡು ವರ್ಷದ ಆಸುಪಾಸಿನಲ್ಲಿ ಮಗು ನಟನೆಯ ಆಟವನ್ನೇ ಆಡದಿದ್ದರೆ, ಜೊತೆಗೆ ಹೆಸರು ಕರೆದರೆ ತಿರುಗದಿರುವುದು, ಬೆರಳು ತೋರಿಸದಿರುವುದು ಇದ್ದರೆ ಮಕ್ಕಳ ವೈದ್ಯರ ಬಳಿ ಮಾತಾಡಿ. 16ರಿಂದ 30 ತಿಂಗಳ ಮಕ್ಕಳ ಆಟಿಸಂ ತಪಾಸಣೆಗೆ ಬಳಸುವ ಪ್ರಶ್ನಾವಳಿಯಲ್ಲಿ ನಟನೆಯ ಆಟದ ಪ್ರಶ್ನೆಯೂ ಒಂದು. ನಾಲ್ಕು ವರ್ಷದ ಮಗು ಗೊಂಬೆ ಬಿಟ್ಟು ಸ್ಕ್ರೂಡ್ರೈವರ್ ಹಿಡಿಯುವುದು ಮಾತ್ರ ಬರೀ ಅಭಿರುಚಿ.

ಒಂದೇ ಮನೆಯಲ್ಲಿ ಎರಡು ವಯಸ್ಸು

ಸುರಕ್ಷತೆಯ ಲೆಕ್ಕ ಬಿಗಿಯಾಗುವುದು ಇಲ್ಲಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು 31.7 ಮಿಲಿಮೀಟರ್ ವ್ಯಾಸದ ಕೊಳವೆಯಲ್ಲಿ ಹಾಕಿ ಪರೀಕ್ಷಿಸುತ್ತಾರೆ. ಪೂರ್ತಿ ಒಳಹೊಕ್ಕ ಭಾಗ ಉಸಿರುಗಟ್ಟಿಸುವ ಅಪಾಯವುಳ್ಳದ್ದು. ಮನೆಯಲ್ಲಿ ಟಾಯ್ಲೆಟ್ ಪೇಪರಿನ ಖಾಲಿ ಸುರುಳಿಯೊಳಗೆ ಹೋಗುವುದೆಲ್ಲ ಬೇಡ ಎಂದಿಟ್ಟುಕೊಳ್ಳಿ. ಗುಂಡಿ ಬ್ಯಾಟರಿ, ಬಲವಾದ ಸಣ್ಣ ಅಯಸ್ಕಾಂತ, ನೀರಲ್ಲಿ ಉಬ್ಬುವ ಮಣಿ ಇವು ಯಾವ ಆಟದ ಡಬ್ಬಿಯಲ್ಲೂ ಇರಬಾರದು. ನುಂಗಿದ ಗುಂಡಿ ಬ್ಯಾಟರಿ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು, ಕಾದು ನೋಡುವ ಮಾತೇ ಇಲ್ಲ.

ಏಳರ ಅಕ್ಕನಿಗೆ ಪ್ಲಾಸ್ಟಿಕ್ ಇಟ್ಟಿಗೆಯ ಊರು ಬೇಕು, ಒಂದೂವರೆಯ ತಮ್ಮನಿಗೆ ಆ ಊರನ್ನು ಕೆಡವಬೇಕು. 'ಪಾಪ, ಚಿಕ್ಕವನು, ಬಿಟ್ಟುಕೊಡು' ಎಂದು ಪ್ರತಿಸಲ ಅಕ್ಕನಿಗೇ ಹೇಳುವುದಕ್ಕಿಂತ ಅವಳ ಊರನ್ನು ತಮ್ಮನ ಕೈಗೆಟುಕದ ಮೇಜಿನ ಮೇಲೆ ಏರಿಸಿ. ಸಣ್ಣ ತುಂಡುಗಳ ಡಬ್ಬಿಗೆ ಮುಚ್ಚಳ ಹಾಕುವ ಹೊಣೆ ಅವಳದು. ಇಬ್ಬರೂ ಕೂಡಿ ಆಡಲು ನೆಲದ ಮೇಲೆ ದೊಡ್ಡ ಪೆಟ್ಟಿಗೆ, ದಿಂಬು, ಬೆಡ್‌ಶೀಟು ಇರಲಿ. ಅಲ್ಲಿ ಅಕ್ಕ ಚಾಲಕಿಯಾಗುತ್ತಾಳೆ, ತಮ್ಮನಿಗೆ ಪ್ರಯಾಣಿಕನಾಗಿ ಕೂರುವುದಷ್ಟೇ ಕೆಲಸ, ಅದೂ ಅವನಿಗೆ ಮನಸ್ಸಿರುವವರೆಗೆ.